ಪ್ರಾಗ್‌ನ ಸ್ಕೂಟರ್ ಟೂರ್ ಗುಡ್ಡ ಹತ್ತಿದ್ದು ಯಾಕೆ?

ಜೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಸ್ಕೂಟರ್ ಟೂರಿಗೆ ದುಡ್ಡು ಕಟ್ಟಿದರೆ ಮೊದಲ ಹತ್ತು ನಿಮಿಷ ಊರು ತೋರಿಸುವುದೇ ಇಲ್ಲ. ಓಡಾಟ ಕಮ್ಮಿ ಇರುವ ಒಂದು ಗಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ತಲೆಗೆ ಹೆಲ್ಮೆಟ್ ಹಾಕಿಸಿ, ಅಲ್ಲೇ ನಾಲ್ಕು ಸುತ್ತು ಹೊಡೆಸುತ್ತಾರೆ. ಬ್ರೇಕ್ ಎಷ್ಟು ಹಿಡಿದರೆ ಎಷ್ಟು ನಿಲ್ಲುತ್ತದೆ ಎಂಬುದು ಕೈಗೆ ಗೊತ್ತಾಗಬೇಕಲ್ಲ. ದಪ್ಪ ಟೈರು, ಬ್ಯಾಟರಿ, ನಿಂತುಕೊಳ್ಳಲು ಒಂದು ಹಲಗೆ. ಇಷ್ಟೇ ವಾಹನ. ಆಮೇಲೆ ಮುಂದೆ ಗೈಡ್, ಹಿಂದೆ ರೈಲು ಡಬ್ಬಿಗಳ ಹಾಗೆ ಉಳಿದವರು.

ಆದರೆ ಆ ರೈಲು ಹೆಚ್ಚಾಗಿ ಹಳೇ ಊರಿನ ಚೌಕದ ಕಡೆ ತಿರುಗುವುದಿಲ್ಲ. ಪೆತ್ರೀನ್ ಗುಡ್ಡ, ಸ್ತ್ರಾಹೋವ್ ಮಠ, ಲೆತ್ನಾ ಪಾರ್ಕ್ ಅಂತ ಮೇಲಕ್ಕೇ ಹೋಗುತ್ತದೆ. ಗಡಿಯಾರದ ಗೋಪುರ ಕೆಳಗಿದೆ, ಸೇತುವೆ ಕೆಳಗಿದೆ, ನಾವ್ಯಾಕೆ ಗುಡ್ಡ ಹತ್ತುತ್ತಿದ್ದೇವೆ? ನೋಟ ಚೆನ್ನಾಗಿದೆ ಎನ್ನುವುದು ಅರ್ಧ ಉತ್ತರ. ಉಳಿದರ್ಧಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸೇತುವೆಯಿಂದಲೇ ಶುರು ಮಾಡೋಣ. ಚಾರ್ಲ್ಸ್ ಸೇತುವೆಗೆ ಅಡಿಗಲ್ಲು ಬಿದ್ದದ್ದು 1357ರಲ್ಲಿ. ರಾಜ ನಾಲ್ಕನೇ ಚಾರ್ಲ್ಸ್ ಜುಲೈ 9ರ ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಮುಹೂರ್ತ ಇಡಿಸಿದ್ದ ಎಂಬ ಪ್ರತೀತಿ ಇದೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದರೆ 1-3-5-7-9-7-5-3-1. ಹತ್ತಿ ಇಳಿಯುವ ಬೆಸ ಸಂಖ್ಯೆಗಳು. ನಿಜವೋ ಸುಳ್ಳೋ, ಮುಹೂರ್ತದ ಹುಚ್ಚು ನಮಗೊಬ್ಬರಿಗೇ ಇಲ್ಲ ಎಂದು ಗೊತ್ತಾದರೆ ಒಂಥರಾ ಸಮಾಧಾನ.

ಈ ಸೇತುವೆಯ ಮೇಲೆ 1883ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು. 1905ರಲ್ಲಿ ವಿದ್ಯುತ್ ಟ್ರಾಮ್. ಅದರಲ್ಲೊಂದು ಸ್ವಾರಸ್ಯ ಇದೆ. ಟ್ರಾಮ್ ಎಂದರೆ ತಲೆಯ ಮೇಲೆ ತಂತಿ ಬೇಕು, ತಂತಿಗೆ ಕಂಬ ಬೇಕು. ಮೂವತ್ತರಷ್ಟು ಶಿಲ್ಪಗಳ ನಡುವೆ ಕಂಬ ನೆಟ್ಟರೆ ನೋಟ ಕೆಟ್ಟುಹೋಗುತ್ತದೆ. ಅದಕ್ಕೆ ಇಂಜಿನಿಯರ್ ಫ್ರಾಂಟಿಷೆಕ್ ಕ್ರಿಝಿಕ್ ನೆಲದಿಂದಲೇ ಕರೆಂಟ್ ಕೊಡುವ ವ್ಯವಸ್ಥೆ ಮಾಡಿದ. ಊರಿನ ಅಂದಕ್ಕಾಗಿ ವಾಹನವೇ ತನ್ನ ರೂಪ ಬದಲಿಸಿಕೊಂಡಿತು. ಆದರೂ ಬಹಳ ದಿನ ಬಾಳಲಿಲ್ಲ. 1908ಕ್ಕೆ ಟ್ರಾಮ್ ನಿಂತು, ಅದರ ಜಾಗಕ್ಕೆ ಬಸ್ಸು ಬಂತು. ಮುಂದೆ 1965ರಲ್ಲಿ ದೊಡ್ಡ ದುರಸ್ತಿ ಶುರುವಾಗಿ 1978ರವರೆಗೆ ನಡೆಯಿತು. ಅಲ್ಲಿಂದಾಚೆ ಕಾರು, ಬಸ್ಸುಗಳಿಗೆ ಸೇತುವೆಯ ಮೇಲೆ ಜಾಗ ಇಲ್ಲ.

ಹಾಗಂತ ಈ ಊರು ಮೋಟರಿನ ವೈರಿ ಅಲ್ಲ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರವತ್ತರ ದಶಕದಿಂದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ಆಮೇಲೆ ಯೆಜ್ಡಿ ಎಂದು ಹೆಸರಾದ ಬೈಕಿನ ತವರು ಇದೇ ಪ್ರಾಗ್. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಶುರು ಮಾಡಿದ ಕಂಪನಿ ಅದು. ಅವನ ಹೆಸರಿನ (Janeček) ಮೊದಲೆರಡು ಅಕ್ಷರ, ವಾಂಡರರ್ (Wanderer) ಎಂಬ ಜರ್ಮನ್ ಬೈಕಿನ ಮೊದಲೆರಡು ಅಕ್ಷರ ಸೇರಿ ಆಗಿದ್ದು ಜಾವಾ (Jawa). ಇಂಡೋನೇಷ್ಯಾದ ದ್ವೀಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಸರಿ, ಸ್ಕೂಟರ್ ವಿಷಯಕ್ಕೆ ಬರೋಣ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿತ್ತು, ಗಡಿಗಳು ತೆರೆದವು. 1992ರಲ್ಲಿ ಊರಿನ ಹಳೇ ಭಾಗ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಜನ ಬಂದರು, ಬರುತ್ತಲೇ ಇದ್ದರು. 2019ರಲ್ಲಿ ಇಲ್ಲಿನ ಹೋಟೆಲು, ಲಾಡ್ಜುಗಳಲ್ಲಿ ತಂಗಿದವರು ಸುಮಾರು 80 ಲಕ್ಷ. ಆಗ ಊರಿನ ಜನಸಂಖ್ಯೆಯೇ 13 ಲಕ್ಷದ ಆಸುಪಾಸು. ಇಷ್ಟೂ ಜನ ನೋಡಲು ಬರುವುದು ಅದೇ ಚೌಕ, ಅದೇ ಸೇತುವೆ, ಅದೇ ನಾಲ್ಕು ಓಣಿ.

ಅದೇ ಓಣಿಗಳಿಗೆ ಸೆಗ್ವೇ ನುಗ್ಗಿತು. ಎರಡು ಚಕ್ರ ಅಕ್ಕಪಕ್ಕ, ನಡುವೆ ನಿಂತವರು ಮುಂದೆ ಬಾಗಿದರೆ ಓಡುವ ಗಾಡಿ. 2001ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಇದು ಪೇಟೆಗಳ ಓಡಾಟವನ್ನೇ ಬದಲಿಸುತ್ತದೆ ಎಂದಿದ್ದರು. ಹಾಗೇನೂ ಆಗಲಿಲ್ಲ. ಕೊನೆಗೆ ಅದು ಗಟ್ಟಿಯಾಗಿ ನೆಲೆ ಕಂಡ ಜಾಗಗಳಲ್ಲಿ ಒಂದು ಟೂರಿಸ್ಟ್ ವ್ಯಾಪಾರ. ಪ್ರಾಗ್‌ನಲ್ಲಂತೂ ಗೈಡ್ ಹಿಂದೆ ಸಾಲುಗಟ್ಟಿ ಹೋಗುವ ಸೆಗ್ವೇಗಳು ಮಾಮೂಲಿ ದೃಶ್ಯವಾದವು.

ತಕರಾರು ಇದ್ದದ್ದು ಕಾನೂನಿನಲ್ಲಿ. ಸೆಗ್ವೇ ಮೇಲೆ ನಿಂತವರನ್ನು ಜೆಕ್ ಕಾನೂನು ಪಾದಚಾರಿ ಎಂದೇ ಎಣಿಸುತ್ತಿತ್ತು. ಸುಮಾರು 47 ಕಿಲೋ ತೂಗುವ, ಗಂಟೆಗೆ 20 ಕಿ.ಮೀ. ಓಡಬಲ್ಲ ಯಂತ್ರದ ಮೇಲೆ ಇದ್ದರೂ ನೀವು ನಡೆಯುತ್ತಿದ್ದೀರಿ! ಹಾಗಾಗಿ ಲೈಸೆನ್ಸ್ ಬೇಡ, ಫುಟ್‌ಪಾತ್ ಮೇಲೆ ಹೋಗಬಹುದು. ಅರ್ಧ ಗಂಟೆ ಹಿಂದೆ ಕಲಿತವರೂ ಹೋಗಬಹುದು. ಅಲ್ಲೇ ಮನೆ ಇರುವವರಿಗೆ, ತರಕಾರಿ ಚೀಲ ಹಿಡಿದು ಬರುವ ಅಜ್ಜಿಗೆ ಇದು ಹೇಗಿರಬಹುದು ಯೋಚಿಸಿ. ದೂರುಗಳು ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

2016ರ ಆರಂಭದಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಇಂಥ ಗಾಡಿಗಳಿಗೆ ಬೇರೆಯೇ ಹೆಸರು ಕೊಟ್ಟು, ಫುಟ್‌ಪಾತ್ ಮೇಲೆ ನಡಿಗೆಯ ವೇಗ ಮೀರಬಾರದು ಎಂದರು. ಎಲ್ಲಿ ಬೇಡವೋ ಅಲ್ಲಿ ತಡೆಯುವ ಅಧಿಕಾರವನ್ನೂ ಊರಿನ ಆಡಳಿತಕ್ಕೆ ಕೊಟ್ಟರು. ಪ್ರಾಗ್ ಕಾಯುತ್ತಾ ಕೂರಲಿಲ್ಲ. ಅದೇ ಬೇಸಿಗೆಯಲ್ಲಿ ಹಳೇ ಊರು ಮತ್ತು ಸುತ್ತಲಿನ ಕೆಲವು ಭಾಗಗಳಲ್ಲಿ ಸೆಗ್ವೇ ಬೇಡ ಎಂದು ತೀರ್ಮಾನಿಸಿತು. ಬರೀ ಆದೇಶ ಹೊರಡಿಸಿದರೆ ಸಾಕಾಗುವುದಿಲ್ಲವಲ್ಲ, ಬೀದಿ ಬೀದಿಗೆ ಫಲಕ ನೆಡಬೇಕು. ಅದೆಲ್ಲ ಮುಗಿದು ನಿಷೇಧ ಜಾರಿಗೆ ಬರುವಷ್ಟರಲ್ಲಿ ವರ್ಷದ ಕೊನೆ.

ವ್ಯಾಪಾರಸ್ಥರು ಸುಮ್ನೆ ಕೂರುತ್ತಾರಾ? ನಿಷೇಧ ಇದ್ದದ್ದು ಸೆಗ್ವೇಯಂಥ ಗಾಡಿಗೆ. ಸಣ್ಣ ಮೋಟರಿನ, 25 ಕಿ.ಮೀ. ವೇಗ ದಾಟದ ಎಲೆಕ್ಟ್ರಿಕ್ ಸ್ಕೂಟರನ್ನು ಕಾನೂನು ಸೈಕಲ್ ಸಾಲಿಗೆ ಸೇರಿಸುತ್ತದೆ. ಅಂದರೆ ಫುಟ್‌ಪಾತ್ ಬಿಡಬೇಕು, ರಸ್ತೆ ಅಥವಾ ಸೈಕಲ್ ದಾರಿ ಹಿಡಿಯಬೇಕು. ಎಷ್ಟೋ ಟೂರ್‌ನವರು ಗಾಡಿ ಬದಲಿಸಿದರು. ದಪ್ಪ ಟೈರಿನ ಸ್ಕೂಟರ್ ಇಲ್ಲಿ ಇಷ್ಟು ಕಾಣುವುದಕ್ಕೆ ಆ ನಿಷೇಧವೂ ಒಂದು ಕಾರಣ.

ಟೈರು ದಪ್ಪ ಇರುವುದು ಬರೀ ಶೋಕಿಗಲ್ಲ. ಹಳೇ ಬೀದಿಗಳಿಗೆ ಹಾಸಿದ ಗುಂಡು ಗುಂಡು ಕಲ್ಲುಗಳನ್ನು ಜೆಕ್ ಜನ ‘ಬೆಕ್ಕಿನ ತಲೆ’ ಎನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಒಂದೊಂದೂ ಉಬ್ಬಿಕೊಂಡು ಕೂತಿರುತ್ತದೆ. ಸಣ್ಣ ಚಕ್ರದ ಸ್ಕೂಟರ್ ಇದರ ಮೇಲೆ ಹೋದರೆ ಹಲ್ಲು ಕಟಕಟ ಎನ್ನುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಮಳೆ ಬಂದರಂತೂ ಕಲ್ಲು ಸಾಬೂನಿನ ಹಾಗೆ ಜಾರುತ್ತದೆ. ಬೆಕ್ಕಿನ ತಲೆ ಕಮ್ಮಿ, ಜನ ಕಮ್ಮಿ, ಪಾರ್ಕಿನ ನುಣುಪು ದಾರಿ ಜಾಸ್ತಿ ಇರುವ ಕಡೆ ಯಾವುದು? ಗುಡ್ಡ. ನಡೆದು ಹತ್ತಿದರೆ ಏದುಸಿರು ಬರುವ ಏರು ಬ್ಯಾಟರಿಗೆ ಲೆಕ್ಕಕ್ಕಿಲ್ಲ. ಹೀಗೆ ಟೂರ್ ಮೇಲಕ್ಕೆ ಹೋಯಿತು.

ಅಷ್ಟರಲ್ಲಿ ಇನ್ನೊಂದು ಅಲೆ ಬಂತು. 2018ರಲ್ಲಿ ಮೊಬೈಲಿನಲ್ಲಿ ಬುಕ್ ಮಾಡಿ, ಬೇಕಾದಲ್ಲಿ ಹತ್ತಿ ಬೇಕಾದಲ್ಲಿ ಬಿಟ್ಟುಹೋಗುವ ಬಾಡಿಗೆ ಸ್ಕೂಟರ್‌ಗಳು ಪ್ರಾಗ್‌ಗೆ ಕಾಲಿಟ್ಟವು. ಇವಕ್ಕೆ ಗೈಡ್ ಇಲ್ಲ, ಅಭ್ಯಾಸದ ನಾಲ್ಕು ಸುತ್ತು ಇಲ್ಲ. ಇಬ್ಬರು ಹತ್ತಿಕೊಂಡು ಹೋಗುವುದು, ಫುಟ್‌ಪಾತಿಗೆ ಅಡ್ಡ ಮಲಗಿಸುವುದು. ಇದೇ ರಗಳೆ ಪ್ಯಾರಿಸ್‌ನಲ್ಲೂ ಇತ್ತು. ಅಲ್ಲಿ 2023ರ ಏಪ್ರಿಲ್ 2ರಂದು ಜನರನ್ನೇ ಕೇಳಿದರು. ಮತ ಹಾಕಿದವರಲ್ಲಿ ಶೇಕಡಾ 89 ಮಂದಿ ಬೇಡ ಎಂದರು. ಹಾಕಿದವರೇ ಶೇಕಡಾ 8ಕ್ಕಿಂತ ಕಮ್ಮಿ, ಅದು ಬೇರೆ ಮಾತು. ಪ್ರಾಗ್ ಮತಕ್ಕೆ ಹಾಕದೆ ನಗರಾಡಳಿತದ ಮಟ್ಟದಲ್ಲೇ 2025ರಲ್ಲಿ ತೀರ್ಮಾನ ಮಾಡಿತು: 2026ರ ಜನವರಿಯಿಂದ ಬಾಡಿಗೆ ಸೈಕಲ್ ಇರಲಿ, ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್ ಬೇಡ.

ಎರಡೂ ಸ್ಕೂಟರೇ ಆದರೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಗೈಡ್ ಜೊತೆ ಹೋಗುವ ಗುಂಪಿಗೆ ಒಬ್ಬ ಹೊಣೆಗಾರ ಇರುತ್ತಾನೆ, ಗಾಡಿ ಸಂಜೆ ಅಂಗಡಿಗೆ ವಾಪಸ್ ಹೋಗುತ್ತದೆ. ಆದರೆ ಸೆಗ್ವೇ ಕಾಲದಲ್ಲೂ ಗೈಡ್ ಇದ್ದೇ ಇದ್ದರು. ಅಲ್ಲಿನ ನಿವಾಸಿಯೊಬ್ಬರು ಈ ಮಾತು ಎತ್ತಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಲೆತ್ನಾದಲ್ಲಿ ಗೈಡ್ ಎಲ್ಲರನ್ನೂ ಇಳಿಸುತ್ತಾನೆ. ಎದುರಿಗೆ ದೊಡ್ಡದೊಂದು ಮೆಟ್ರೊನೋಮ್, ಅಂದರೆ ಸಂಗೀತದವರು ತಾಳ ನೋಡಿಕೊಳ್ಳುವ ಯಂತ್ರ. 1991ರಲ್ಲಿ ಇಟ್ಟಿದ್ದು. ಅದೇ ಕಟ್ಟೆಯ ಮೇಲೆ 1955ರಿಂದ 1962ರವರೆಗೆ ಸ್ಟಾಲಿನ್‌ನ ಭಾರೀ ಪ್ರತಿಮೆ ಇತ್ತು. ಮದ್ದಿಟ್ಟು ಉಡಾಯಿಸಿದರು. ಕೆಳಗೆ ವಲ್ತಾವಾ ನದಿ, ಅದರ ಮೇಲೆ ಸಾಲು ಸೇತುವೆಗಳು. ಫೋಟೋ ಮುಗಿದ ಮೇಲೆ ಎಲ್ಲರೂ ಮತ್ತೆ ಹಲಗೆ ಮೇಲೆ ನಿಲ್ಲುತ್ತಾರೆ. ಇಳಿಜಾರು ಶುರುವಾಗುವ ಮೊದಲು ಗೈಡ್ ಹಿಂತಿರುಗಿ ಎರಡು ಬೆರಳು ಎತ್ತಿ ತೋರಿಸುತ್ತಾನೆ. ಬ್ರೇಕ್ ಮೇಲೆ ಇರಲಿ ಅಂತ.