‘ಟು’ ಎಲ್ಲಿ ಬೇಕು, ಎಲ್ಲಿ ಬೇಡ?

ಇಂಗ್ಲಿಷ್ ಕಲಿಸುವಾಗ ನಾನು ಪದೇ ಪದೇ ತಿದ್ದುವ ವಾಕ್ಯ ‘ದೆ ಲೆಟ್ ಮಿ ಟು ಗೋ’. ಈ ತಪ್ಪಿಗೆ ಕಾರಣ ಇದೆ. ಕನ್ನಡದಲ್ಲಿ ‘ಹೋಗಲು ಬಿಟ್ಟರು’ ಅನ್ನುತ್ತೇವೆ, ‘ಹೋಗಲು ಹೇಳಿದರು’ ಅಂತಲೂ ಅನ್ನುತ್ತೇವೆ, ಎರಡೂ ಕಡೆ ಅದೇ ‘ಹೋಗಲು’. ಇಂಗ್ಲಿಷಿನಲ್ಲಿ ಮಾತ್ರ ಮೊದಲನೆಯದು ‘ಲೆಟ್ ಮಿ ಗೋ’, ಎರಡನೆಯದು ‘ಟೋಲ್ಡ್ ಮಿ ಟು ಗೋ’. ಅದರ ಮೇಲೆ ಶಾಲೆಯಲ್ಲಿ ಇನ್ಫಿನಿಟಿವ್ ಅಂದ್ರೆ ‘ಟು ಪ್ಲಸ್ ವರ್ಬ್’ ಅಂತ ಬಾಯಿಪಾಠ ಮಾಡಿಸಿರುತ್ತಾರೆ. ಈ ಸೂತ್ರವನ್ನು ಮೊದಲು ಬಿಡಿ.

ಇನ್ಫಿನಿಟಿವ್ ಅಂದ್ರೆ ಕ್ರಿಯಾಪದದ ಮೂಲ ರೂಪ, ಬರೀ ‘ಗೋ’. ಅದಕ್ಕೆ ಕಾಲ ಇಲ್ಲ, ಹಿ, ಶಿ, ದೆ ಅಂತ ಯಾರೇ ಬಂದರೂ ಬದಲಾಗುವುದಿಲ್ಲ. ‘ಟು’ ಬೇಕೋ ಬೇಡವೋ ಅನ್ನೋದು ಸಾಮಾನ್ಯವಾಗಿ ಮುಂಚೆ ಬಂದ ಕ್ರಿಯಾಪದದ ಕೈಯಲ್ಲಿದೆ. ವಾಂಟ್, ಡಿಸೈಡ್, ಹೋಪ್, ಅಲೌ ಬಂದರೆ ಬೇಕು. ಕ್ಯಾನ್, ಮಸ್ಟ್, ಲೆಟ್, ಮೇಕ್ ಬಂದರೆ ಬೇಡ. ‘ಹೆಲ್ಪ್’ಗೆ ಎರಡೂ ನಡೆಯುತ್ತದೆ. ‘ಡಿಡ್ ನಾಟ್ ವೆಂಟ್’ ತಪ್ಪಾಗುವುದೂ ಇದಕ್ಕೇ: ಆದ ಕೆಲಸ ಅಂತ ‘ಡಿಡ್’ ಆಗಲೇ ಹೇಳಿಯಾಗಿದೆ, ಮುಂದೆ ಬರಬೇಕಾದ್ದು ಬರೀ ‘ಗೋ’.

ಈ ಎರಡು ಗುಂಪು ಸುಮ್ನೆ ಹುಟ್ಟಿದ್ದಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇನ್ಫಿನಿಟಿವ್‌ಗೆ ನಮ್ಮ ‘ಅಲು’ ಥರ ಒಂದು ಪ್ರತ್ಯಯ ಇತ್ತು. ಕುಡಿಯಲು ಅನ್ನೋದಕ್ಕೆ ‘ಡ್ರಿಂಕನ್’. ಕಾಲ ಕಳೆದ ಹಾಗೆ ಆ ಪ್ರತ್ಯಯ ಸವೆದುಹೋಯಿತು, ಉದ್ದೇಶ ಹೇಳುವಾಗ ಬರುತ್ತಿದ್ದ ‘ಟು’ ಒಂದೊಂದೇ ಕ್ರಿಯಾಪದದ ಜೊತೆ ಸೇರುತ್ತಾ ಹೋಯಿತು, ಆದರೆ ಕ್ಯಾನ್, ಲೆಟ್ ತರಹದ ಹಳೆಯ ಪದಗಳ ಜೊತೆ ಮಾತ್ರ ಹಳೆಯ ರೂಢಿಯೇ ಉಳಿಯಿತು.

‘ಮೇಕ್’ ಹತ್ತಿರ ಸ್ವಲ್ಪ ಹುಷಾರು. ‘ಹಿ ಮೇಡ್ ಮಿ ವೇಟ್’ ಸರಿ, ಪ್ಯಾಸಿವ್ (ಕರ್ಮಣಿ) ಮಾಡಿದರೆ ‘ಟು’ ಬೇಕು: ‘ಐ ವಾಸ್ ಮೇಡ್ ಟು ವೇಟ್’.

ಆಫೀಸ್ ಈಮೇಲ್‌ಗಳಲ್ಲಿ ಜಾಸ್ತಿ ಕಾಣುವ ತಪ್ಪು ಬೇರೆಯೇ: ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’. ಇಲ್ಲಿನ ‘ಟು’ ಇನ್ಫಿನಿಟಿವ್‌ಗೆ ಸೇರಿದ್ದಲ್ಲ, ಅದು ಪ್ರಿಪೊಸಿಷನ್, ಅಂದರೆ ನಾಮಪದದ ಹಿಂದೆ ಬರುವ ‘ಇನ್’, ‘ಆನ್’ ಥರದ ಪದ. ಅನುಮಾನ ಬಂದಾಗ ‘ಟು’ ಆದಮೇಲೆ ಒಂದು ನಾಮಪದ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ದ ಟ್ರಿಪ್’ ಹೊಂದುತ್ತದೆ ಅಲ್ವಾ? ಹಾಗಾದರೆ ಅಲ್ಲಿ ‘ಮೀಟಿಂಗ್ ಯು’ ಬರಬೇಕು. ‘ವಾಂಟ್ ಟು ದ ಟ್ರಿಪ್’ ಹೊಂದುವುದಿಲ್ಲ, ಅಲ್ಲಿ ‘ಮೀಟ್’ ಸಾಕು. ‘ಐ ಯೂಸ್ಡ್ ಟು ಡ್ರೈವ್’ ಅಂದರೆ ಮೊದಲು ಓಡಿಸುತ್ತಿದ್ದೆ, ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್’ ಅಂದರೆ ಓಡಿಸಿ ಅಭ್ಯಾಸ ಇದೆ. ಇವೆರಡನ್ನೂ ಇದೇ ರೀತಿ ಪರೀಕ್ಷೆ ಮಾಡಿ ನೋಡಬಹುದು.