‘ನೋಡಿದರೆ ಹುಡುಗರೂ ಹಾಗೇ ಆಗ್ತಾರಾ?’

ಪ್ರಶ್ನೆ: ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವಳ ಕತೆಯ ‘ನಾನು ಅವನಲ್ಲ... ಅವಳು’ ಸಿನಿಮಾವನ್ನು ಪಿಯುಸಿ ಮಕ್ಕಳಿಗೆ ಕನ್ನಡ ತರಗತಿಯಲ್ಲಿ ತೋರಿಸಬಹುದೇ? ನೋಡಿ ಹುಡುಗರೂ ಹಾಗೇ ಆಗಿಬಿಟ್ಟರೆ?
– ಉಪನ್ಯಾಸಕಿ, ಗಂಗಾವತಿ

ತೋರಿಸಿ ಮೇಡಂ. ಮೊದಲು ನೀವು ಪೂರ್ತಿ ನೋಡಿ, ಪಾಠಕ್ಕೆ ಒದಗುವ ಎರಡು ದೃಶ್ಯ ಆರಿಸಿಕೊಳ್ಳಿ.

ಎರಡನೆಯ ಮಾತಿಗೆ ಉತ್ತರ ಬರೆದು ಬರೆದು ಸಾಕಾಗಿದೆ. ನೋಡಿದವರೆಲ್ಲ ಹಾಗಾಗುವಂತಿದ್ದರೆ ನಮ್ಮ ಸೀಮೆಯಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ. ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಹೋದ ಮಕ್ಕಳೆಲ್ಲ, ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಡುವ ಜೋಗಪ್ಪಗಳನ್ನು ನೋಡಿಯೇ ಬೆಳೆದಿದ್ದಾರೆ. ಬಯಲಾಟದಲ್ಲಿ ರಾತ್ರಿಯಿಡೀ ದ್ರೌಪದಿಯಾದವನು ಬೆಳಿಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಈ ಸಿನಿಮಾದ ಪಾತ್ರಕ್ಕೇ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು, ಆಮೇಲೆ ಬೇರೆ ಪಾತ್ರ ಮಾಡಿದರು. ಇತ್ತ ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥನಾಗಿ ಹುಟ್ಟಿದ, ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ತಾನು ಹೆಣ್ಣೆಂದು ಅರಿತದ್ದು ಹದಿಹರೆಯದಲ್ಲಿ. 2015ರಲ್ಲಿ ತೆರೆಕಂಡ ಸಿನಿಮಾ ಆಗ ಎಲ್ಲಿತ್ತು? ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ವೇಷ ಹೊರಗಿನದು, ಗುರುತು ಒಳಗಿನದು. ತನ್ನ ಗುರುತು ಹೇಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ತೀರ್ಪು ಕೊಟ್ಟಿದೆ.

ಮಕ್ಕಳ ಬಾಯಿ ಕೆಡಿಸುವುದು ಇನ್ನೊಂದು ಬಗೆಯ ಸಿನಿಮಾ. ಚಪ್ಪಾಳೆ ತಟ್ಟುತ್ತ ಒಬ್ಬರು ಬರುತ್ತಾರೆ, ‘ಅದು ಬಂತು ನೋಡು’ ಅನ್ನುತ್ತಾರೆ, ಥಿಯೇಟರ್ ನಗುತ್ತದೆ. ಅದನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಅದರ ಬಗ್ಗೆ ಯಾರೂ ಪತ್ರ ಬರೆದಿಲ್ಲ.

ಪಾಠ ಇರುವುದೂ ಅಲ್ಲೇ. ‘ನಾನು ಬಂದೆ’ ಅನ್ನುವಾಗ ಕನ್ನಡದಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ. ಬಂದ, ಬಂದಳು, ಬಂತು ಎಂದು ತೀರ್ಮಾನಿಸುವವರು ಎದುರಿನವರು. ದೃಶ್ಯದಲ್ಲಿ ಮನೆಯವರು ಯಾವ ಕ್ರಿಯಾಪದ ಬಳಸಿದರು, ಗೆಳತಿಯರು ಯಾವುದು, ಹೊರಗಿನವರು ಯಾವುದು, ಯಾರ ಮಾತು ಯಾವಾಗ ಬದಲಾಯಿತು ಎಂದು ಮಕ್ಕಳು ಪಟ್ಟಿ ಮಾಡಲಿ. ವ್ಯಾಕರಣದ ಪುಸ್ತಕದಲ್ಲಿ ಒಣಗಿ ಕೂತ ಲಿಂಗ ಪ್ರಕರಣಕ್ಕೆ ಜೀವ ಬರುತ್ತದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬಳ್ಳಾರಿ ಕಡೆಯ ತೆಲುಗು ಮನೆಮಾತಿನ ಮಕ್ಕಳ ಬಗ್ಗೆ ಒಂದು ಎಚ್ಚರ ಇರಲಿ. ತೆಲುಗಿನಲ್ಲಿ ಅಕ್ಕನಿಗೂ ‘ವಚ್ಚಿಂದಿ’, ಎಮ್ಮೆಗೂ ‘ವಚ್ಚಿಂದಿ’. ಅವರು ‘ಅಕ್ಕ ಬಂತು’ ಎಂದು ಬರೆದರೆ ತಿದ್ದಿ, ಬೈಯಬೇಡಿ, ಅದರಲ್ಲಿ ಅವಮಾನವಿಲ್ಲ.

ನೀವು ಕೇಳಿಲ್ಲ, ಆದರೆ ಪರೀಕ್ಷೆಯಲ್ಲಿ ಇದು ಬಂದೇ ಬರುತ್ತದೆ. ‘ಮಂಜಮ್ಮ ಬಂದರು’ ಎಂದು ಬರೆದ ಹುಡುಗನಿಗೆ ಏಕವಚನಕ್ಕೆ ಬಹುವಚನ ಹಾಕಿದ್ದಾನೆಂದು ಅಂಕ ಕಳೆಯುವವರಿದ್ದಾರೆ. ಅದು ಗೌರವಾರ್ಥಕ ಬಹುವಚನ. ಪೂರ್ತಿ ಅಂಕ ಕೊಡಿ.