ಸೊಲ್ಲಾಪುರದ ಗಿಡ ಹತ್ತಿರದ್ದು, ಖಾನಾಪುರದ್ದು ದೂರದ್ದು

ವಿಜಯಪುರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ಈಗ ‘ನಮ್ಮ ಮಣ್ಣಿನ ಗಿಡ ಬೇಕು’ ಎನ್ನತೊಡಗಿದ್ದಾರೆ. ಕೇಳಲು ಹಿತವಾದ ಮಾತು. ಆದರೆ ನಮ್ಮದು ಯಾವುದು ಎಂದು ಕೇಳಿದರೆ ಮಾತು ಗೋಜಲಾಗುತ್ತದೆ.

ಪರದೇಶದ ಗಿಡ ಈ ಊರಿಗೆ ಹೊಸದಲ್ಲ. ಆದಿಲ್‌ಶಾಹಿ ಕಾಲದವೆಂದು ಜನ ಹೇಳುವ ಗೋರಖ ಹುಣಸೆ ಮರಗಳ ಮೂಲ ಆಫ್ರಿಕಾ. ಅವು ನಿಂತಲ್ಲೇ ನಿಂತಿವೆ, ಯಾರ ಹೊಲಕ್ಕೂ ನುಗ್ಗಿಲ್ಲ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ದೇಶಕ್ಕೆ ಬಂದ ಬಳ್ಳಾರಿ ಜಾಲಿಯಾದರೋ ಕೆರೆಯಂಗಳ, ಹಳ್ಳದ ದಂಡೆಗಳನ್ನೆಲ್ಲ ಆವರಿಸಿತು. ದಸರೆಯಲ್ಲಿ ನಾವು ಕೈಮುಗಿಯುವ ಬನ್ನಿ ಅದರ ನೆಂಟನೇ, ಸ್ವಭಾವ ಮಾತ್ರ ಬೇರೆ. ಆಮೇಲೆ ಸುಬಾಬುಲ್ ಬಂತು, ಈಚೆಗೆ ಬೇಗ ಬೆಳೆದು ಹಸಿರು ಗೋಡೆಯಂತೆ ನಿಲ್ಲುವ ಕೊನೊಕಾರ್ಪಸ್. ಗುಜರಾತ್ 2023ರಲ್ಲಿ ಇದನ್ನು ನೆಡುವುದಕ್ಕೆ ನಿಷೇಧ ಹೇರಿದ ಮೇಲೆ ಇಲ್ಲಿಯೂ ಜನ ಎರಡನೆಯ ಬಾರಿ ಯೋಚಿಸುವಂತಾಯಿತು.

ಹಾಗೆ ಯೋಚಿಸಿದವರಲ್ಲಿ ಹಲವರು ‘ಕರ್ನಾಟಕದ್ದೇ’ ಎಂದು ಘಟ್ಟದ ನಾಗಸಂಪಿಗೆ, ಸುರಹೊನ್ನೆಗಳನ್ನು ತಂದು ನೆಟ್ಟರು. ಬೆಳಗಾವಿ ಜಿಲ್ಲೆಯ ಖಾನಾಪುರದ ಘಟ್ಟದಂಚಿನಲ್ಲಿ ಮಳೆ 2000 ಮಿ.ಮೀ. ದಾಟುತ್ತದೆ, ಇಲ್ಲಿ 600ರ ಆಸುಪಾಸು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಎರೆಭೂಮಿಯಲ್ಲಿ ಅವನ್ನು ಉಳಿಸಲು ದಿನವೂ ಬೋರ್‌ವೆಲ್ ಓಡಬೇಕು. ನೂರು ಕಿ.ಮೀ. ದೂರದ ಸೊಲ್ಲಾಪುರ ಬೇರೆ ರಾಜ್ಯದ್ದಾದರೂ ಮಣ್ಣು, ಬಿಸಿಲು ಎರಡರಲ್ಲೂ ನಮ್ಮ ನೆರೆಮನೆ. ಬೇವು, ಲಕ್ಕಿ, ಮುತ್ತುಗಗಳಿಗೆ ಗಡಿಯ ಕಲ್ಲು ಗೊತ್ತಿಲ್ಲ.

ಇನ್ನೊಂದು ಗೋಜಲು ನನಗೆ ಹೆಚ್ಚು ನೋವು ಕೊಡುವಂಥದು. ಆವರಿಕೆ (ತಂಗಡಿ) ಗಿಡ ಬೇಕೆಂದು ರಸ್ತೆಬದಿಯಿಂದ ಕಿತ್ತು ತರುತ್ತಾರೆ. ಅದರ ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಬೇರು ತುಂಡಾದ ಗಿಡ ವಾರದಲ್ಲಿ ಒಣಗುತ್ತದೆ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಒಣಗಿದ ಕಾಯಿಯಿಂದ ಒಂದು ಹಿಡಿ ಬೀಜ ತಂದು, ಗಟ್ಟಿ ಸಿಪ್ಪೆಯನ್ನು ಒರಟು ಕಲ್ಲಿಗೆ ತುಸು ಉಜ್ಜಿ, ರಾತ್ರಿ ನೆನೆಸಿ, ಮುಂಗಾರಿಗೆ ಊರಿದರೆ ಸಾಕು. ಉಳಿದ ಬೀಜ ಗಿಡದಲ್ಲೇ ಇರಲಿ.

ಹಾಗೆ ಊರಿದ ಗಿಡವೊಂದು ಪಕ್ಕದ ಮನೆಯ ಕಾಂಪೌಂಡಿನಲ್ಲಿ ಸೊಂಪಾಗಿ ಬೆಳೆದಿತ್ತು. ಹೋದ ವರ್ಷ ಹಸಿರು ಹುಳುಗಳು ಎಲೆಯನ್ನೆಲ್ಲ ತಿಂದವು. ಮನೆಯಾಕೆ ಔಷಧಿ ಡಬ್ಬಿ ಹಿಡಿದು ಬಂದರು. ‘ಅಕ್ಕಾ, ಚಿಟ್ಟೆಯ ಮರಿಗಳು, ಎಂಟು ದಿನ ತಾಳಿರಿ’ ಎಂದೆ. ತಾಳಿದರು. ಬರಿದಾದ ಕಡ್ಡಿಗಳು ಮತ್ತೆ ಚಿಗುರುವ ಹೊತ್ತಿಗೆ ಅಂಗಳದ ತುಂಬ ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಗಳಿದ್ದವು.